ಸೂಕ್ತ ಆದೇಶಕ್ಕಾಗಿ ಮಂಡಿಸಿದ ಊಟ

ಮದುವೆಯಾಗಿ ಇಪ್ಪತ್ತೆರಡು ವರ್ಷ ತುಂಬುವುದಕ್ಕೆ ಇನ್ನು ಹತ್ತೇ ದಿನ ಇತ್ತು. ಹೆಡ್ ಕ್ಲರ್ಕ್ ಸಾಹೇಬರು ಪೇಪರು ಹಿಡಿದು, ಜಗತ್ತಿನ ಯಾವ ಜವಾಬ್ದಾರಿಯೂ ತಮ್ಮದಲ್ಲ ಎಂಬ ಭಾವದಲ್ಲಿ ಕಾಲು ಚಾಚಿ ಕೂತಿದ್ದರು. ಒಗೆದ ಬಟ್ಟೆ ಮಡಚುತ್ತಿದ್ದ ಹೆಂಡತಿ ಅದೇ ಹೊತ್ತು ನೋಡಿ ಅವರ ನೆಮ್ಮದಿಗೆ ಕಲ್ಲು ಹಾಕಿದಳು.

"ರೀ, ಈ ಸಲ ನನಗೆ ಬಟ್ಟೆ ಬೇಡ, ಒಡವೆ ಬೇಡ. ಒಂದು ಒಳ್ಳೆ ರೆಸ್ಟೋರೆಂಟಲ್ಲಿ ಊಟ ಹಾಕಿಸಿ, ಸಾಕು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿರಬೇಕು, ಬಡಿಸೋರು ಮೆತ್ತಗೆ ಮಾತಾಡಬೇಕು. ಅಂಥದ್ದು."

"ಅಷ್ಟೇ ತಾನೆ? ಎಲ್ಲಿಗೆ ಹೋಗೋಣ ಹೇಳು."

"ಅದನ್ನೇ ನಾನು ಹೇಳಲ್ಲ. ನೀವೇ ಆರಿಸಬೇಕು. ನನ್ನ ಒಂದು ಮಾತೂ ಕೇಳಬಾರದು."

ಸಾಹೇಬರ ಕೈಯಲ್ಲಿದ್ದ ಪೇಪರು ಮೆಲ್ಲಗೆ ಮಡಿಲಿಗೆ ಇಳಿಯಿತು.

ಅವರ ಗಾಬರಿಗೆ ಕಾರಣವಿತ್ತು. ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿದ್ದರೂ ಸಾಹೇಬರು ಇವತ್ತಿನವರೆಗೆ ಯಾವುದನ್ನೂ ನಿರ್ಧರಿಸಿದವರಲ್ಲ. ಅವರ ಮೇಜಿಗೆ ಬಂದ ಪ್ರತಿ ಕಡತದ ಕೊನೆಯಲ್ಲೂ ಮುದ್ದಾದ ಅಕ್ಷರದಲ್ಲಿ "ಪರಿಶೀಲಿಸಿದೆ, ಸೂಕ್ತ ಆದೇಶಕ್ಕಾಗಿ ಮಂಡಿಸಿದೆ" ಎಂದು ಬರೆದು ಮೇಲಕ್ಕೆ ದಾಟಿಸುವುದು ಅವರ ಕಸುಬು. ಆಫೀಸಿನಲ್ಲಿ ಅವರನ್ನು ಬೆನ್ನ ಹಿಂದೆ ಮಂಡನೆ ಸಾಹೇಬರು ಎಂದು ಕರೆಯುತ್ತಿದ್ದರು (ಮುಂದೆಯೂ ಕರೆಯುತ್ತಿದ್ದರು, ಅವರು ಬೇಸರ ಮಾಡಿಕೊಳ್ಳಬೇಕೋ ಬೇಡವೋ ಎಂದು ಇನ್ನೂ ನಿರ್ಧರಿಸಿರಲಿಲ್ಲ). ಮನೆಗೆ ಬಂದರೆ ಮೇಲಧಿಕಾರಿ ಹೆಂಡತಿ. ಗೋಡೆಗೆ ಯಾವ ಬಣ್ಣ, ಮಗಳಿಗೆ ಯಾವ ಕಾಲೇಜು, ಎಲ್ಲದಕ್ಕೂ ಅವರದು ಒಂದೇ ಉತ್ತರ: ನಿನಗೆ ಹೇಗೆ ಸರಿಯೋ ಹಾಗೆ. ಒಮ್ಮೆ ಹಲ್ಲಿನ ಡಾಕ್ಟರು ಇಕ್ಕಳ ಹಿಡಿದು "ಕೀಳಲಾ ಸಾರ್?" ಎಂದು ಕೇಳಿದಾಗ, ಬಾಯಿ ತುಂಬ ಹತ್ತಿ ಇಟ್ಟುಕೊಂಡೇ "ಒಂದು ನಿಮಿಷ, ಮನೇಲಿ ಕೇಳಿ ಹೇಳ್ತೀನಿ" ಎಂದಿದ್ದರು.

ಇನ್ನು ಆ ಮಹಾತಾಯಿಯ ಕೆಲಸವೋ, ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ. ಕಿವಿಗೆ ಫೋನ್ ಸಿಕ್ಕಿಸಿಕೊಂಡು, ಎದುರಿಗೆ ಊರಿನ ನಕ್ಷೆ ಇಟ್ಟುಕೊಂಡು, ಯಾವ ಗಾಡಿ ಯಾವ ಬೀದಿಗೆ, ಯಾರು ಮೊದಲು, ಯಾರು ಆಮೇಲೆ ಎಂದು ದಿನಕ್ಕೆ ನೂರಿಪ್ಪತ್ತು ಸಲ ನಿರ್ಧರಿಸಿ ಮನೆಗೆ ಬಂದರೆ, ಬಾಗಿಲಲ್ಲೇ ನಿಂತ ಗಂಡ "ಸಂಜೆಗೆ ಬೀನ್ಸ್ ಹೆಚ್ಚಲಾ, ಕೋಸು ಹೆಚ್ಚಲಾ?" ಎಂದು ಕೇಳುತ್ತಾನೆ.

"ಒಂದೇ ಒಂದು ಸಂಜೆ ನನ್ನ ತಲೆಗೆ ರಜೆ ಕೊಡಿ," ಎಂದಳು ಆಕೆ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ಬಾ ಅಂದ ಕಡೆ ಬರ್ತೀನಿ, ಕೂರು ಅಂದ ಕಡೆ ಕೂರ್ತೀನಿ. ಇಷ್ಟು ವರ್ಷದಲ್ಲಿ ನೀವು ನನ್ನ ಎಲ್ಲಿಗಾದರೂ ಕರ್ಕೊಂಡು ಹೋಗಿದ್ದು ಅಂತ ಒಂದಿರಲಿ. ಹೋಗಿದ್ದೆಲ್ಲ ನಾನೇ ಕರ್ಕೊಂಡು ಹೋಗಿದ್ದು."

ಸಾಹೇಬರಿಗೆ ಆ ಮಾತು ನಾಟಿತು. ಇದು ಊಟದ ವಿಷಯವಲ್ಲ, ಗಂಡನೆಂಬ ಹುದ್ದೆಯ ಕಾಯಮಾತಿಯ ವಿಷಯ ಎಂದು ಅವರಿಗೆ ಅರ್ಥವಾಯಿತು. ಈ ಸಲ ಸೋಲಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡರು.

ಮರುದಿನವೇ ಹೊಸ ಕಡತ ತೆರೆದರು. ಕೆಂಪು ದಾರ, ಹಸಿರು ಟ್ಯಾಗು, ಪುಟಸಂಖ್ಯೆ, ಎಲ್ಲ ಕ್ರಮಬದ್ಧ. ಒಂದು ವಾರ ಆಫೀಸು ಬಿಟ್ಟವರು ನೆಟ್ಟಗೆ ಮನೆಗೆ ಬರದೆ ಊರಿನ ದೊಡ್ಡ ರೆಸ್ಟೋರೆಂಟುಗಳ ಬಾಗಿಲಲ್ಲಿ ನಿಂತು ಇಣುಕಿದರು. ಒಂದು ಕಡೆ ಕುರ್ಚಿಯ ಬೆನ್ನು ಸರಿಯಿಲ್ಲ ಎಂದು ಬರೆದುಕೊಂಡರು. ಇನ್ನೊಂದು ಕಡೆ ಎಷ್ಟು ಕತ್ತಲೆ ಇಟ್ಟಿದ್ದರೆಂದರೆ, ತಟ್ಟೆಯಲ್ಲಿರುವುದು ಊಟವೋ ಮೆನು ಕಾರ್ಡೋ ತಿಳಿಯುವಂತಿರಲಿಲ್ಲ. ಅಂತೂ ಸೋಸಿ ಸೋಸಿ ಮೂರು ಉಳಿದವು. ಮೊದಲನೆಯದು ಹನ್ನೊಂದನೇ ಮಹಡಿಯ ಮೇಲಿತ್ತು, ಗೋಡೆಗೆ ಗೋಡೆಯೇ ಗಾಜು. ಎರಡನೆಯದು ಕೆರೆ ದಂಡೆಯ ಮೇಲೆ, ಮೇಜಿಗೊಂದು ಮೇಣದಬತ್ತಿ. ಮೂರನೆಯದರಲ್ಲಿ ಒಬ್ಬ ಮುದುಕರು ಇಡೀ ಸಂಜೆ ಪಿಯಾನೋ ನುಡಿಸುತ್ತಿದ್ದರು.

ಮೂರರ ಗುಣಾವಗುಣಗಳನ್ನು ನಾಲ್ಕು ಪುಟ ಬರೆದು, ಅಭ್ಯಾಸಬಲದಿಂದ ಕೊನೆಯಲ್ಲಿ "ಸೂಕ್ತ ಆದೇಶಕ್ಕಾಗಿ ಮಂಡಿಸಿದೆ" ಎಂದೂ ಬರೆದು, ಹೆಂಡತಿಗೆ ಕೊಡುವ ಹಾಗಿಲ್ಲವಲ್ಲ ಎಂದು ಕಾಲೇಜಿಗೆ ಹೋಗುವ ಮಗಳ ಮುಂದಿಟ್ಟರು. ಅಪ್ಪನ ಕಡತಗಳ ನಡುವೆಯೇ ಬೆಳೆದ ಹುಡುಗಿ. ಪೆನ್ನು ತಗೊಂಡು ಮೂಲೆಯಲ್ಲಿ "ಚರ್ಚಿಸಿ" ಎಂದು ಬರೆದು ವಾಪಸು ಕೊಟ್ಟಳು.

"ಸರಿ, ಚರ್ಚಿಸೋಣ," ಎಂದು ಸಾಹೇಬರು ಖುಷಿಯಿಂದ ಕುರ್ಚಿ ಎಳೆದುಕೊಂಡರು. "ನಿಮ್ಮಮ್ಮನಿಗೆ ಯಾವುದು ಇಷ್ಟ ಆಗಬಹುದು?"

"ಅಪ್ಪ, ಅಮ್ಮ ಕೇಳಿದ್ದು ಅದಲ್ಲ. ನಿನಗೆ ಯಾವುದು ಇಷ್ಟ?"

ಸಾಹೇಬರು ಕಡತದ ನಾಲ್ಕೂ ಪುಟ ತಿರುವಿ ಹಾಕಿದರು. ಈ ಪ್ರಶ್ನೆಗೆ ಹಿಂದಿನ ಉದಾಹರಣೆಯೇ ಕಡತದಲ್ಲಿರಲಿಲ್ಲ.

ಕೊನೆಗೆ ಸಮಯ ಗಳಿಸಲು ಒಂದು ಉಪಾಯ ಮಾಡಿದರು. ಮೂರೂ ಕಡೆ ಫೋನ್ ಮಾಡಿ ವಾರ್ಷಿಕೋತ್ಸವದ ದಿನ, ಅಂದರೆ ಶುಕ್ರವಾರ ಸಂಜೆ ಏಳಕ್ಕೆ ಇಬ್ಬರಿಗೆ ಮೇಜು ಕಾದಿರಿಸಿದರು. ಆಮೇಲೆ ಒಂದನ್ನು ಇಟ್ಟುಕೊಂಡು ಎರಡನ್ನು ಬಿಡುವುದು, ಅಷ್ಟೇ. ಮೂರೂ ಕಡೆಯವರು ಸಂಪರ್ಕಕ್ಕೆ ನಂಬರು ಕೇಳಿದರು. ಯಾವ ಅರ್ಜಿ ತುಂಬುವಾಗಲೂ ಹೇಳುವ ಆ ಹತ್ತು ಅಂಕಿಗಳನ್ನು ಸಾಹೇಬರು ನಿದ್ದೆಗಣ್ಣಲ್ಲೂ ಹೇಳಬಲ್ಲರು, ಹೇಳಿದರು.

ಶುಕ್ರವಾರ ಬಂತು. ಮಧ್ಯಾಹ್ನ ನಾಲ್ಕಾದರೂ ಸಾಹೇಬರು ಮೂರರ ಮಧ್ಯೆ ಒದ್ದಾಡುತ್ತಿದ್ದರು. ತಲೆ ಎತ್ತಿ ಆಫೀಸಿನ ಕಿಟಕಿ ನೋಡಿದರು. ಆ ಕಿಟಕಿಯಾಚೆ ಒಂದು ಗೋಡೆ, ಗೋಡೆಯ ಮೇಲೊಂದು ತುಕ್ಕು ಹಿಡಿದ ಪೈಪು. ಇಪ್ಪತ್ತಾರು ವರ್ಷದಿಂದ ಅದೇ ಗೋಡೆ, ಅದೇ ಪೈಪು. ಎಡದಿಂದ ಏಳನೇ ಇಟ್ಟಿಗೆ ಒಡೆದಿರುವುದೂ ಅವರಿಗೆ ಗೊತ್ತು. ಇದ್ದಕ್ಕಿದ್ದ ಹಾಗೆ ಅವರಿಗೆ ಎತ್ತರದಲ್ಲಿ ಕೂತು, ಊರೆಲ್ಲ ಕಾಣುವ ಕಿಟಕಿಯ ಪಕ್ಕ, ಹೆಂಡತಿಯ ಎದುರು ಊಟ ಮಾಡಬೇಕು ಎಂಬ ಆಸೆ ಹೊಟ್ಟೆಯೊಳಗಿಂದ ಎದ್ದು ಬಂತು. ಇದು ಯಾರದೂ ಅಲ್ಲ, ತನ್ನದೇ ಆಸೆ ಎಂದು ತಿಳಿದು ಅವರಿಗೇ ಆಶ್ಚರ್ಯವಾಯಿತು.

ಮನಸ್ಸು ಬದಲಾಗುವುದರೊಳಗೆ ಕೆರೆ ದಂಡೆಯವರಿಗೆ ಫೋನ್ ಮಾಡಿ ಮೇಜು ಬೇಡವೆಂದರು. ಪಿಯಾನೋದವರಿಗೂ ಮಾಡಿದರು. "ಅದು ಆಗಲೇ ಕ್ಯಾನ್ಸಲ್ ಆಗಿದೆಯಲ್ಲ ಸಾರ್," ಎಂದರು ಅವರು. ಎಷ್ಟು ಚುರುಕು ಜನ, ಹೇಳುವ ಮೊದಲೇ ಮಾಡಿದ್ದಾರೆ ಎಂದು ಸಾಹೇಬರು ಮೆಚ್ಚಿಕೊಂಡರು.

ಸಂಜೆ ಹೆಂಡತಿ ಹೊಸ ಬಟ್ಟೆ ಉಟ್ಟು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ, ಎಲ್ಲಿಗೆ ಎಂದು ಒಂದು ಮಾತೂ ಕೇಳದೆ ಟ್ಯಾಕ್ಸಿ ಹತ್ತಿದಳು. ಮುಖದಲ್ಲಿ ಎಲ್ಲ ಬಲ್ಲವರ ಕಿರುನಗೆ ಇತ್ತು. ಟ್ಯಾಕ್ಸಿ ಕೆರೆಯ ತಿರುವು ದಾಟಿ ಮುಂದೆ ಹೋದಾಗ ಆ ನಗೆ ಸ್ವಲ್ಪ ಸಡಿಲವಾಯಿತು. ಹನ್ನೊಂದು ಮಹಡಿಯ ಕಟ್ಟಡದ ಮುಂದೆ ನಿಂತಾಗ ಪೂರ್ತಿ ಮಾಯವಾಯಿತು.

"ಇಲ್ಲಿಗಾ?"

"ಇಲ್ಲಿಗೇ," ಎಂದರು ಸಾಹೇಬರು, ಆದೇಶ ಹೊರಡಿಸಿದವರ ಗತ್ತಿನಲ್ಲಿ.

ಆಕೆ ಕತ್ತೆತ್ತಿ ಮಹಡಿಗಳನ್ನು ಎಣಿಸಿದಳು. ಲಿಫ್ಟಿನಲ್ಲಿ ಗಂಡನ ತೋಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಇಷ್ಟು ವರ್ಷದ ಮೇಲೂ ಈ ಪ್ರೀತಿ ಉಳಿದಿದೆಯಲ್ಲ ಎಂದು ಸಾಹೇಬರ ಎದೆ ತುಂಬಿ ಬಂತು.

ಮೇಲೆ ಕರಿ ಕೋಟಿನವನೊಬ್ಬ ದಪ್ಪ ಪುಸ್ತಕ ತೆರೆದು ನೋಡಿದ. ಹಿಂದಿನ ಪುಟ ತಿರುಗಿಸಿದ. ಮತ್ತೆ ಮುಂದಿನದು ತಿರುಗಿಸಿದ.

"ಕ್ಷಮಿಸಿ ಸಾರ್, ಇದು ಕ್ಯಾನ್ಸಲ್ ಆಗಿದೆ."

"ಸಾಧ್ಯವೇ ಇಲ್ಲ. ನಾನು ಬೇರೆ ಎರಡನ್ನ ಕ್ಯಾನ್ಸಲ್ ಮಾಡಿದ್ದು. ಇದನ್ನ ಯಾರು ಮಾಡಿದ್ರು?"

"ನಿನ್ನೆ ಬೆಳಗ್ಗೆ ನೀವು ಕೊಟ್ಟ ನಂಬರಿಗೆ ಫೋನ್ ಮಾಡಿ ವಿಚಾರಿಸಿದ್ವಿ. ಒಬ್ಬ ಮೇಡಂ ತಗೊಂಡು, ಬೇಡ, ಬೇರೆ ಯಾರಿಗಾದ್ರೂ ಕೊಡಿ ಅಂದ್ರು." ಆತ ಸಾಹೇಬರ ಪಕ್ಕಕ್ಕೆ ನೋಡಿದ. ಪಕ್ಕದಲ್ಲಿದ್ದ ಮೇಡಂ ಹೂಕುಂಡದ ಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಆ ದಿನಕ್ಕೆ ಇನ್ನೊಂದು ಮೇಜೂ ಖಾಲಿ ಇರಲಿಲ್ಲ.

ಗಾಜಿನಾಚೆ ಊರಿನ ದೀಪಗಳೆಲ್ಲ ಹೊತ್ತಿಕೊಳ್ಳುತ್ತಿದ್ದವು. ಸಾಹೇಬರು ಒಂದು ನಿಮಿಷ ನಿಂತು ನೋಡಿ ತಿರುಗಿದರು.

"ಲಿಫ್ಟು ಬೇಡ," ಎಂದಳು ಹೆಂಡತಿ. "ಇನ್ನೊಂದು ಸಲ ಹತ್ತಿದ್ರೆ ನನಗೆ ವಾಂತಿ ಆಗುತ್ತೆ. ಮೆಟ್ಟಿಲಿಳಿಯೋಣ."

ಆಗ ಸಾಹೇಬರಿಗೆ ನೆನಪಾಯಿತು. ಲಿಫ್ಟೆಂದರೆ ಆಕೆಗೆ ಹೊಟ್ಟೆ ತೊಳಸುತ್ತದೆ. ಅದನ್ನು ತಾವೇ ಕಡತದ ಎರಡನೇ ಪುಟದಲ್ಲಿ ಬರೆದಿದ್ದರು.

ಆಕೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು.

"ನನ್ನ ನಂಬರು ಯಾಕ್ರೀ ಕೊಟ್ರಿ?" ಒಂಬತ್ತನೇ ಮಹಡಿಯಲ್ಲಿ ಆಕೆಯೇ ಶುರುಮಾಡಿದಳು. "ಗ್ಯಾಸಿನವರಿಗೂ ನನ್ನದೇ, ಬ್ಯಾಂಕಿನವರಿಗೂ ನನ್ನದೇ, ಕೊನೆಗೆ ಗುಟ್ಟಾಗಿ ನನ್ನ ಊಟಕ್ಕೆ ಕರ್ಕೊಂಡು ಹೋಗೋದಕ್ಕೂ ನನ್ನದೇನಾ?"

"ನನ್ನದು ಕೊಟ್ರೆ ಅವರು ಏನಾದ್ರೂ ಕೇಳಿದಾಗ ನಾನೇ ಉತ್ತರ ಹೇಳಬೇಕಲ್ಲ."

"ಮೂರು ಕಡೆಯಿಂದ ಫೋನು. ಮೂರು ಮೇಜು. ಒಬ್ಬ ಪೇಷಂಟಿಗೆ ಮೂರು ಗಾಡಿ ಕಳಿಸಿದ್ರೆ ನನಗೆ ಮೈ ಉರಿಯುತ್ತೆ, ಗೊತ್ತಲ್ಲ. ಸುಮ್ಮನಿರೋಣ ಅಂತಲೇ ಇದ್ದೆ. ಆಗಲಿಲ್ಲ. ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ? ನಾನೊಂದು ಸಲ ಕೆರೆ ದಂಡೇದರ ಫೋಟೋ ನೋಡಿ ಚೆನ್ನಾಗಿದೆ ಅಂದಿದ್ದೆ, ಅಲ್ಲಿಗೇ ಬರ್ತೀರಿ ಅಂತ ಅದೊಂದನ್ನ ಉಳಿಸಿ, ಮಿಕ್ಕಿದ್ದು ತೆಗೆಸಿಬಿಟ್ಟೆ." ಆರನೇ ಮಹಡಿಯಲ್ಲಿ ಆಕೆ ನಿಂತಳು. "ಈಗಲೂ ಅಲ್ಲಿಗೇ ಹೋಗಬಹುದಲ್ಲ."

"ಅದನ್ನ ನಾನು ತೆಗೆಸಿಬಿಟ್ಟೆ," ಎಂದರು ಸಾಹೇಬರು ಸಣ್ಣ ದನಿಯಲ್ಲಿ.

ಆಕೆ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮೆಟ್ಟಿಲ ಮೇಲೆ ಕೂತಳು. ಆಮೇಲೆ ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು ಕಣ್ರೀ, ನೀವು ಏನು ಮಾಡ್ತೀರಿ ಅಂತ ನನಗೆ ಗೊತ್ತಾಗದೇ ಹೋಗಿದ್ದು," ಎಂದಳು ಕಣ್ಣೊರೆಸಿಕೊಳ್ಳುತ್ತ. "ಅಷ್ಟೆತ್ತರದ ಜಾಗ ಯಾಕೆ ಆರಿಸಿದ್ರಿ?"

ಸಾಹೇಬರು ಪಕ್ಕದಲ್ಲಿ ಕೂತು ಗೋಡೆಯ ವಿಷಯ, ಪೈಪಿನ ವಿಷಯ, ಏಳನೇ ಇಟ್ಟಿಗೆಯ ವಿಷಯ ಹೇಳಿದರು. ಆಕೆ ನಗಲಿಲ್ಲ. "ಇದನ್ನ ಇಷ್ಟು ದಿನ ಹೇಳಲೇ ಇಲ್ಲವಲ್ಲ," ಎಂದು ಅವರ ಕೈ ಮೇಲೆ ಕೈ ಇಟ್ಟಳು. ಬೇರೆಯವರ ಮೆಟ್ಟಿಲ ಮೇಲೆ ಕೂತು ಸಾಹೇಬರಿಗೆ ಬಹಳ ಸಂತೋಷವಾಯಿತು.

ಬೀದಿಗೆ ಬಂದಾಗ ಇಬ್ಬರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು.

"ಈಗ ಎಲ್ಲಿಗೆ?" ಎಂದಳು ಹೆಂಡತಿ.

"ನಿನಗೆ ಹೇಗೆ..." ಎಂದು ಶುರುವಾದ ವಾಕ್ಯವನ್ನು ಸಾಹೇಬರು ಹಲ್ಲು ಕಚ್ಚಿ ಅಲ್ಲೇ ತಡೆದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಬಲಕ್ಕೆ," ಎಂದು ಘೋಷಿಸಿ ದಾಪುಗಾಲು ಹಾಕಿದರು.

ಹೆಂಡತಿಗೆ ಆ ಊರಿನ ನಕ್ಷೆ ಬಾಯಿಪಾಠ. ಎಡಕ್ಕೆ ಹೋಗಿದ್ದರೆ ಸಾಲಾಗಿ ಐದು ಒಳ್ಳೆಯ ಹೋಟೆಲುಗಳಿದ್ದವು. ಆಕೆ ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕಿ ಗಂಡನ ಹಿಂದೆ ನಡೆದಳು.

ಬಲಕ್ಕೆ ಮುಚ್ಚಿದ ಟೈರು ಅಂಗಡಿ ಬಂತು, ಶವಪೆಟ್ಟಿಗೆ ಮಾಡುವವರ ಅಂಗಡಿ ಬಂತು, ಉದ್ದದೊಂದು ಕಾಂಪೌಂಡು ಬಂತು. ಸಾಹೇಬರ ಬೆನ್ನು ನಿಧಾನಕ್ಕೆ ಬೆವರತೊಡಗಿತು, ಆದರೆ ಹೊರಡಿಸಿದ ಆದೇಶವನ್ನು ಹಿಂಪಡೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಹಾದಿ ಮುಗಿದದ್ದು ಬಸ್ ಡಿಪೋದಲ್ಲಿ. ಅಲ್ಲಿ ಡ್ರೈವರುಗಳ ಕ್ಯಾಂಟೀನಿತ್ತು. ಎರಡು ತಗಡಿನ ಕುರ್ಚಿ ಖಾಲಿ ಇದ್ದವು.

"ಏನೇನಿದೆ?" ಎಂದರು ಸಾಹೇಬರು ಗಂಭೀರವಾಗಿ.

"ಬ್ರೆಡ್ಡು, ಮೊಟ್ಟೆ," ಎಂದ ಕ್ಯಾಂಟೀನಿನ ದಪ್ಪ ಮೀಸೆಯವನು. "ಮೊಟ್ಟೆ ಬೇಡ ಅಂದ್ರೆ ಬರೀ ಬ್ರೆಡ್ಡು."

ಬಿಸಿಬಿಸಿ ಬ್ರೆಡ್ಡು, ಮೊಟ್ಟೆ ತಟ್ಟೆ ತುಂಬ ಬಂತು. ಹೆಂಡತಿ ಬರಿಗಾಲನ್ನು ಎದುರಿನ ಬೆಂಚಿನ ಮೇಲೆ ಚಾಚಿ, ಯಾರ ಫೋನಿಗೂ ಕಾಯದೆ, ಒಂದು ಚೂರೂ ಬಿಡದೆ ತಿಂದಳು. ಪಕ್ಕದ ಮೇಜಿನ ಡ್ರೈವರು ಇವರ ಮದುವೆಯ ವಾರ್ಷಿಕೋತ್ಸವವೆಂದು ತಿಳಿದು ತನ್ನ ಉಪ್ಪಿನ ಡಬ್ಬಿಯನ್ನು ಈ ಕಡೆ ಸರಿಸಿದ.

"ಈ ಕಡೆ ಏನೂ ಇಲ್ಲ ಅಂತ ನಿನಗೆ ಗೊತ್ತಿತ್ತಾ?" ಎಂದು ಸಾಹೇಬರು ಅನುಮಾನದಿಂದ ಕೇಳಿದರು.

"ಗೊತ್ತಿತ್ತು."

"ಮತ್ತೆ ಹೇಳಬಾರದಿತ್ತಾ?"

"ಇವತ್ತು ನನಗೆ ರಜೆ."

ಮೀಸೆಯವನು ತಟ್ಟೆ ಎತ್ತಲು ಬಂದ. "ಟೀನಾ, ಕಾಫೀನಾ ಸಾರ್?"

ಸಾಹೇಬರ ಕತ್ತು ತಾನಾಗಿಯೇ ಹೆಂಡತಿಯ ಕಡೆ ತಿರುಗಿತು. ಆಕೆ ಗೋಡೆಯ ಮೇಲಿನ ಬಸ್ಸಿನ ವೇಳಾಪಟ್ಟಿಯನ್ನು ಭಕ್ತಿಯಿಂದ ಓದುತ್ತಿದ್ದಳು. ಸಾಹೇಬರು ಗಂಟಲು ಸರಿಮಾಡಿಕೊಂಡರು. ಆಕೆಗೆ ಕಾಫಿ ಇಷ್ಟ, ತಮಗೂ ಕಾಫಿಯೇ ಇಷ್ಟ. ಎರಡೂ ಕೂಡಿ ಯೋಚಿಸಿ, ಈ ಸಲ ಒಂದು ಕ್ಷಣವೂ ತಡಮಾಡದೆ ಹೇಳಿದರು.

"ಕಾಫಿ. ಎರಡು."

"ಕಾಫಿ ಪುಡಿ ಮಧ್ಯಾಹ್ನವೇ ಮುಗಿದೋಯ್ತು ಸಾರ್."

"ಮತ್ತೆ ಯಾಕಪ್ಪಾ ಕೇಳಿದೆ?" ಎಂದಳು ಹೆಂಡತಿ.

"ಕೇಳದಿದ್ರೆ ಮರ್ಯಾದೆ ಅಲ್ಲ ಮೇಡಂ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾಗಿ, ಕೋಟಿನ ಗುಂಡಿ ಸರಿಮಾಡಿಕೊಂಡು, ಇಡೀ ಡಿಪೋಗೆ ಕೇಳುವಂತೆ ದೃಢವಾಗಿ ಹೇಳಿದರು.

"ಹಾಗಿದ್ರೆ ಟೀ. ಎರಡು."