ಕೆರೆಗೋಡಿಗೆ ಆರತಿ ಎತ್ತಿದ ಅತ್ತೆ

ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಮನೆಗೆ ಬರುತ್ತಾರೆಂದರೆ ನೆಂಟರಾರೂ ಒಡವೆ ಪೆಟ್ಟಿಗೆಗೆ ಬೀಗ ಹಾಕುತ್ತಿರಲಿಲ್ಲ, ತಿಪ್ಪೆಗೆ ಕಾವಲು ಹಾಕುತ್ತಿದ್ದರು! ಹೊರಡುವಾಗ ರವಿಕೆಕಣ ಮುಂದಿಟ್ಟರೆ ಅದನ್ನು ಬದಿಗೆ ಸರಿಸಿ, "ಇದೆಲ್ಲ ಇರ್ಲಿ ಕಣಮ್ಮ, ಒಂದು ಚೀಲ ಗೊಬ್ರ ತುಂಬ್ಸಿ ಕೊಡು" ಎನ್ನುವ ಮಹಾತಾಯಿ ಆಕೆ. ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೆ ಹೋದವರೆಲ್ಲ ಕುಂಕುಮ ತಂದರೆ, ಅತ್ತೆ ತಂದದ್ದು ಹೊಂಗೆ ಮರದಡಿ ಬಾಚಿದ ತರಗೆಲೆ. ಬಸ್ಸಿನಲ್ಲಿ ಕಂಡಕ್ಟರ್ ಆ ಚೀಲವನ್ನು ಒತ್ತಿ ನೋಡಿ, "ಏನಮ್ಮ ಇದು?" ಎಂದ.

"ಪ್ರಸಾದ ಕಣಪ್ಪ, ನಮ್ಮ ಹೊಲಕ್ಕೆ" ಎಂದರು ಅತ್ತೆ.

ಆ ಹೊಲದ ಕಥೆ ಹೇಳಬೇಕು. ಅತ್ತೆಯ ಊರು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿದೆ. ಎಪ್ಪತ್ತರ ದಶಕದ ಮೊದಲಲ್ಲಿ ಮಾವ, ಅಂದರೆ ಅತ್ತೆಯ ಗಂಡ, ಇದ್ದ ಎರಡು ಹೊಲಗಳಲ್ಲಿ ಒಳ್ಳೆಯದನ್ನೇ ಬೆಣಚುಕಲ್ಲಿನ ಗಣಿ ಮಾಡುವ ಗುತ್ತಿಗೆದಾರನಿಗೆ ಕೊಟ್ಟರು. ಅತ್ತೆ ಬೇಡವೆಂದರು, ಮಾವ ಕೇಳಲಿಲ್ಲ. ಆತ ಕಲ್ಲು ಮುಗಿಯುವವರೆಗೆ ಬಗೆದು, ಒಂದು ಗುಂಡಿಯನ್ನೂ ಕಲ್ಲುಚೂರಿನ ದಿಬ್ಬವನ್ನೂ ಬಿಟ್ಟು ಹೋದ. ಅಂದಿನಿಂದ ಮಾವ ಆ ಹೊಲಕ್ಕೆ ಕಾಲಿಡಲಿಲ್ಲ. ಮಧುಗಿರಿ ಸಂತೆಗೆ ಹೋಗುವಾಗಲೂ ಹೊಲದ ಪಕ್ಕದ ನೇರ ದಾರಿ ಬಿಟ್ಟು, ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತೋ ಏನೋ, ಅತ್ತೆ ಒಂದು ಮಾತೂ ಆಡಲಿಲ್ಲ. ಆ ನೆಲ ಮತ್ತೆ ಹಸಿರಾಗಬೇಕು, ಗಂಡ ತಲೆಯೆತ್ತಿಕೊಂಡು ಅಲ್ಲಿ ನಡೆದಾಡಬೇಕು ಎಂಬುದೊಂದೇ ಅವರ ಹಟ. ಅದಕ್ಕೆ ಹುಚ್ಚು ಎಂದು ಹೆಸರಿಟ್ಟವರು ನಾವು.

ಮೊದಲು ಕುರಿ ಮಂದೆ ನಿಲ್ಲಿಸುವ ಯೋಜನೆ. ಮಂದೆ ತಂಗಿದ ನೆಲಕ್ಕೆ ಗೊಬ್ಬರ ತಾನಾಗಿ ಬೀಳುತ್ತದಲ್ಲ? ಪಾವಗಡದ ಕಡೆಯ ಕುರಿಗಾಹಿಯೊಬ್ಬ ಆ ದಿಬ್ಬ ನೋಡಿ ನಕ್ಕುಬಿಟ್ಟ.

"ಗಡ್ಡಿ ಯಾಡುಂದಮ್ಮಾ? ಹುಲ್ಲೇ ಇಲ್ದಿರೋ ಕಡೆ ಕುರಿ ಯಾಕೆ ನಿಲ್ತವೆ?"

"ಹುಲ್ಲಿದ್ದಿದ್ರೆ ನಿನ್ನ ಯಾಕ್ಲಾ ಕರೀತಿದ್ದೆ?" ಎಂದ ಅತ್ತೆ, ಮುದ್ದೆ ಹುರುಳಿ ಸಾರು ಬಡಿಸಿ ಅವನನ್ನು ಒಪ್ಪಿಸಿದರು. ದಿಬ್ಬದ ತುಂಬ ಹಿಕ್ಕೆ ಬಿತ್ತು. ಅದರ ಹಿಂದೆಯೇ ಮಳೆ ಬಂದು, ಬಿದ್ದದ್ದಷ್ಟೂ ಕೊಚ್ಚಿಕೊಂಡು ಕೆಳಗಿನವನ ಹೊಲ ಸೇರಿತು! ಆ ವರ್ಷ ಅವನಿಗೆ ಹಿಂದೆಂದೂ ಕಾಣದ ಕಡಲೆಕಾಯಿ ಬೆಳೆ. ಪಾಪ, ಉಪಕಾರ ಮರೆಯದೆ ಒಂದು ಮೂಟೆ ಹೊತ್ತು ತಂದ.

"ಕಳ್ಳೇಕಾಯಿ ನೀನೇ ಇಟ್ಕೋ ಕಣ್ಲಾ," ಎಂದರು ಅತ್ತೆ. "ನನ್ನ ಗೊಬ್ರ ವಾಪಸ್ ಕೊಟ್ಬುಡು."

ಮರುವರ್ಷ ಗಣಿಯ ಕಲ್ಲನ್ನೇ ಆಯ್ದು ದಿಬ್ಬಕ್ಕೆ ಅಡ್ಡಡ್ಡ ಬದು ಕಟ್ಟಿದರು. ಮಂದೆ ಬಂದಾಗ ಕುರಿಗಳ ಮುಂದೆ ಜಾಲಿಕಾಯಿ ಸುರಿದರು. ಕುರಿ ತಿಂದ ಬೀಜ ಹಿಕ್ಕೆಯೊಡನೆ ನೆಲಕ್ಕೆ ಬಿತ್ತು. ಬಿತ್ತನೆಗೆ ಕುರಿಯನ್ನು ಕೂಲಿಗೆ ಹಚ್ಚಿದವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಈ ನಡುವೆ ನನ್ನ ಮದುವೆ ಗೊತ್ತಾಯಿತು. ಹುಡುಗಿ ಶಿರಾದ ಕಡೆ ತಾವರೆಕೆರೆಯವಳು. ಚಪ್ಪರ ಅತ್ತೆಯ ಮನೆ ಮುಂದೆ. ಅತ್ತೆಗೆ ಎಂಥ ಸೀರೆ ತರಬೇಕೆಂದು ಬೀಗರು ವಿನಯದಿಂದ ಕೇಳಿದರು.

"ಸೀರೆ ಬ್ಯಾಡ. ನಿಮ್ಮೂರ ಕೆರೆಗೋಡು ಒಂದು ಟ್ರ್ಯಾಕ್ಟರ್ ಕಳ್ಸಿ."

ಕೆರೆಯ ತಳದ ಮೆಕ್ಕಲು ಮಣ್ಣನ್ನು ಬೀಗರಲ್ಲಿ ಕೇಳಿದವರುಂಟೇ! ಅವರು ಒಳ್ಳೆಯವರು, ಕಳಿಸಿದರು. ಹೆಣ್ಣಿನ ಕಡೆಯ ಬಸ್ಸೂ ಗೋಡಿನ ಟ್ರ್ಯಾಕ್ಟರೂ ಒಟ್ಟಿಗೇ ಊರು ಸೇರಿದವು. ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ಟ್ರ್ಯಾಕ್ಟರ್ ಕಡೆಗೆ ಓಡಿದರು! ಮದುಮಗಳಿಗೆ ಸಿಕ್ಕಿದ್ದು ಮಣ್ಣಿಗೆ ಎತ್ತಿ ಉಳಿದ ಆರತಿ. ನನ್ನ ಹೆಂಡತಿ ಅದನ್ನು ಇಂದಿಗೂ ಎತ್ತಿ ಆಡುತ್ತಾಳೆ, ಅದೂ ನನ್ನ ಮೇಲೆ.

ವರ್ಷಗಳು ಕಳೆದು ಜಾಲಿಗಿಡಗಳು ಆಳೆತ್ತರಕ್ಕೆ ಬಂದವು. ಬುಡದಲ್ಲಿ ಹುಲ್ಲೂ ಚಿಗುರಿತು. ಮಾವ ಮಾತ್ರ ಅದೇ ಕೆರೆ ಏರಿಯ ಮೇಲೆ ನಡೆಯುತ್ತಿದ್ದರು. ಒಂದು ದಿನ ನಾನೂ ಅತ್ತೆಯೂ ಶಿರಾದಲ್ಲಿ ನೆಂಟರ ಮದುವೆ ಮುಗಿಸಿ ಬಿಸಿಲಿರುವಾಗಲೇ ಮನೆಗೆ ಬಂದೆವು. ಮಾವ ಇರಲಿಲ್ಲ. ಬೆಳಿಗ್ಗೆ ಮಾಡಿಟ್ಟ ಮುದ್ದೆ ಹಾಗೆಯೇ ಇತ್ತು. ಗಾಬರಿಯಿಂದ ಹುಡುಕುತ್ತ ಹೊರಟರೆ, ಗಣಿಯ ದಿಬ್ಬದ ಮೇಲೆ, ಒಂದು ಜಾಲಿಗಿಡದ ಕೆಳಗೆ ಕೋಲು ಹಿಡಿದು ಕೂತಿದ್ದಾರೆ! ಯಾರದೋ ಮೇಕೆಗಳು ಗಿಡಗಳಿಗೆ ನುಗ್ಗಿದ್ದನ್ನು ಏರಿಯ ಮೇಲಿಂದ ಕಂಡು ಓಡಿ ಬಂದರಂತೆ. ಮತ್ತೆ ಬಂದಾವೆಂದು, ಉಣ್ಣದೆ ಅಲ್ಲೇ ಕಾವಲು ಕೂತಿದ್ದರು.

ಅತ್ತೆ ಗಿಡದ ಹತ್ತಿರ ಹೋಗಿ ನಿಂತರು. ಮಾವನೇ ನೆಲ ನೋಡುತ್ತ ಕೇಳಿದರು:

"ಇಷ್ಟು ವರ್ಸದಾಗೆ ಒಂದಿನಾನೂ ನನ್ನ ಇಲ್ಲಿಗೆ ಕರೀಲಿಲ್ವಲ್ಲ, ಯಾಕೆ?"

"ಕರೆದು ಎಲ್ಲಿ ಕುಂಡ್ರುಸ್ಲಿ? ನೆಳ್ಳೇ ಇರ್ಲಿಲ್ವಲ್ಲ" ಎಂದರು ಅತ್ತೆ.

ಆ ಗಿಡದ ನೆರಳು ಒಬ್ಬರಿಗಾಗುವಷ್ಟೇ ಇತ್ತು. ಮಾವ ಅದರಲ್ಲಿ ಅರ್ಧ ಬಿಟ್ಟು ಪಕ್ಕಕ್ಕೆ ಸರಿದು ಕುಳಿತರು.