ಏನೂ ಇಲ್ಲದ ಗಂಟಲು ಮತ್ತು ಎರಡು ಬರ್ಗರ್

ನನ್ನ ಧೈರ್ಯದ ಬಗ್ಗೆ ನಾಗಮಂಗಲದ ನಮ್ಮ ಕಚೇರಿಯಲ್ಲಿ ಒಳ್ಳೆಯ ಅಭಿಪ್ರಾಯವಿದೆ. ನಾನು ಭೂಮಾಪಕ, ಅಂದರೆ ಜನ ಕರೆಯುವ ಹಾಗೆ ಸರ್ವೆಯವನು. ಎರಡು ಹೊಲದವರು ಮಚ್ಚು ಹಿಡಿದು ಎದುರುಬದುರು ನಿಂತಿರುವಾಗ ನಡುವೆ ಅಳತೆಯ ಸರಪಳಿ ಎಳೆದುಕೊಂಡು ಹೋಗಿ, "ಇಲ್ಲಿಗೆ ನಿಮ್ಮದು ಮುಗೀತು" ಎಂದು ಹೇಳುವುದು ನನ್ನ ಕಸುಬು. ನಾಯಿ ಕಚ್ಚಿಸಿಕೊಂಡಿದ್ದೇನೆ, ಬಾವಿಗೆ ತಳ್ಳುತ್ತೇವೆ ಎಂದವರ ಮನೆಯಲ್ಲೇ ಕೂತು ಕಾಫಿ ಕುಡಿದಿದ್ದೇನೆ. ಆದರೆ ಇದೆಲ್ಲ ಹೊರಗಿನ ಧೈರ್ಯ. ನನ್ನ ಮೈಯೊಳಗೆ ಏನಾದರೂ ಸ್ವಲ್ಪ ಏರುಪೇರಾದರೆ ನನ್ನಂಥ ಪುಕ್ಕಲ ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಹುಡುಕಿದರೂ ಸಿಗಲಾರ. ಇದು ನನ್ನ ಹೆಂಡತಿ ಸುಜಾತಳಿಗೆ ಮಾತ್ರ ಗೊತ್ತಿತ್ತು, ಈಗ ನಿಮಗೂ ಹೇಳುತ್ತಿದ್ದೇನೆ.

ಒಂದು ದಿನ ಮಧ್ಯಾಹ್ನ ಮುದ್ದೆ ನುಂಗುವಾಗ ಗಂಟಲಲ್ಲಿ ಏನೋ ತಡೆದಂತಾಯಿತು. ನಮ್ಮ ಕಡೆ ಮುದ್ದೆಯನ್ನು ಅಗಿಯುವವರೆಂದರೆ ಒಂದು, ಹಲ್ಲು ಬರುತ್ತಿರುವ ಮಕ್ಕಳು, ಇಲ್ಲವೆ ಮೊದಲ ಸಲ ಮನೆಗೆ ಬಂದ ಹೊರಗಿನ ನೆಂಟರು. ಉಳಿದವರದು ಅದ್ದಿದ್ದು, ನುಂಗಿದ್ದು, ಅಷ್ಟೇ. ಹಾಗೆ ನುಂಗಲಾರದೆ ನಾನು ಅಗಿಯತೊಡಗಿದ್ದನ್ನು ಕಂಡು ಸುಜಾತ, "ಗ್ಯಾಸು, ಜೀರಿಗೆ ನೀರು ಕುಡೀರಿ" ಎಂದಳು. ನಾನು ಜೀರಿಗೆ ನೀರು ಕುಡಿಯುವ ಬದಲು ಮೊಬೈಲು ತೆಗೆದು ಗಂಟಲಿನ ಬಗ್ಗೆ ಓದಿದೆ. ಅದನ್ನು ಓದಿದ ಮೇಲೆ ಎಂಜಲೂ ಇಳಿಯಲಿಲ್ಲ.

ಮೂರು ವಾರ ಗಂಜಿ ಕುಡಿದು ಬದುಕಿದೆ. ಆ ಮೂರು ವಾರ ನಾನು ಬಹಳ ಒಳ್ಳೆಯವನಾಗಿದ್ದೆ. ಕಚೇರಿಯಲ್ಲಿ ಯಾರ ಮೇಲೂ ರೇಗಲಿಲ್ಲ. ಹೆಚ್ಚುವರಿ ಕೆಲಸದ ಮೇಲೆ ಕೆ.ಆರ್. ಪೇಟೆ ಕಡೆ ಹೊಸಹೊಳಲಿಗೆ ಹೋದಾಗ, ಅಷ್ಟು ವರ್ಷ ಮುಂದೆಯೇ ಓಡಾಡಿದ್ದರೂ ಒಳಗೆ ಕಾಲಿಡದ ದೇವಸ್ಥಾನಕ್ಕೆ ಹೋಗಿ ಗೋಡೆಯ ಕೆತ್ತನೆಯನ್ನು ಒಂದೊಂದಾಗಿ ನೋಡುತ್ತ ನಿಂತುಬಿಟ್ಟೆ. ಇಷ್ಟು ಚೆಂದದ ಲೋಕವನ್ನು ಬಿಟ್ಟು ಹೋಗಬೇಕಲ್ಲ ಎಂದು ಕಣ್ಣು ಮಂಜಾಯಿತು. ಹೊಲ ಅಳೆಸಲು ಬೆಳಗಿನಿಂದ ಕಾದಿದ್ದ ರೈತ ಹಿಂದಿನಿಂದ ಬಂದು, "ಸಾ, ನಾ ಯೋಳಿದ್ ಕಲ್ಲು ಇದಲ್ಲ. ಅದು ವಲ್ದಲ್ ಅದೆ" ಎಂದ.

ಕೊನೆಗೆ ಸುಜಾತಳೇ ನನ್ನಿಂದ ಕಾರು ತೆಗೆಸಿ ಮೈಸೂರಿಗೆ ಹೊರಡಿಸಿದಳು. ಡಾಕ್ಟರು ಮೂಗಿನೊಳಗಿಂದ ದಾರದಂಥ ಕ್ಯಾಮೆರಾ ಇಳಿಸಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಅವರು ಬಾಯಿ ತೆರೆಯುವವರೆಗಿನ ಆ ಎರಡು ನಿಮಿಷದಲ್ಲಿ ಸುಜಾತ ನನ್ನ ಅಂಗೈಯನ್ನು ಹಿಡಿದಿದ್ದ ಬಿಗಿ ನೋಡಿದಾಗಲೇ ನನಗೆ ತಿಳಿದದ್ದು, ಗ್ಯಾಸು ಗ್ಯಾಸು ಎನ್ನುತ್ತಿದ್ದವಳಿಗೂ ನನ್ನಷ್ಟೇ ಭಯವಿತ್ತು ಎಂದು. ಡಾಕ್ಟರು ಕೈಗವಸು ಬಿಚ್ಚುತ್ತ, "ಏನೂ ಇಲ್ಲ. ಗಂಟಲು ಚೆನ್ನಾಗಿದೆ. ಸ್ವಲ್ಪ ಆಸಿಡಿಟಿ, ಜಾಸ್ತಿ ಭಯ. ಮೊಬೈಲಲ್ಲಿ ಓದೋದು ಬಿಟ್ಟು ಊಟ ಮಾಡಿ" ಎಂದರು.

ವಾಪಸು ಬರುವಾಗ ಸಂಜೆ ಇಳಿಯುತ್ತಿತ್ತು. ಸುಜಾತ ಯಾರಿಗೋ ಫೋನು ಮಾಡಿ ಸುದ್ದಿ ಹೇಳುತ್ತಿದ್ದಳು, ನಡುವೆ ಕರೆ ಕಡಿದುಹೋಯಿತು. ಅದರ ಕಡೆ ನನ್ನ ಗಮನವಿರಲಿಲ್ಲ. ಮೂರು ವಾರದ ಹಸಿವು ಒಟ್ಟಿಗೆ ಎದ್ದು ಕೂತಿತ್ತು. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯ ಬದಿಯಲ್ಲಿ ಮೊದಲು ಕಂಡ ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆ. ಬೋರ್ಡಿನಲ್ಲಿ "ಬರ್ಗರ್, ಯಾಕಿತೋರಿ" ಎಂದಿತ್ತು.

"ಯಾಕೆ ತೋರಿ ಅಂದ್ರೆ ಏನ್ರೀ? ತೋರ್ಸಿ ಅಂತ ನಾವೇನು ಕೇಳಿದ್ವಾ?" ಎಂದಳು ಸುಜಾತ.

ಮಾಲೀಕ ಇರ್ಫಾನ್, ಐವತ್ತು ದಾಟಿದ ಶ್ರೀರಂಗಪಟ್ಟಣದ ಮನುಷ್ಯ, ತಾನೇ ಕೆಂಡದ ಮುಂದೆ ನಿಂತು ಬೀಸಣಿಗೆ ಆಡಿಸುತ್ತಿದ್ದ. "ಜಪಾನ್ ದೇಶದ್ದು ಮೇಡಂ. ಕೋಳಿ ತುಂಡನ್ನ ಕಡ್ಡೀಗ್ ಚುಚ್ಚಿ ಕೆಂಡದ್ ಮ್ಯಾಲೆ ಸುಡೋದು. ನಮ್ ಕಬಾಬ್‌ಗೆ ದಾಯಾದಿ ಅನ್ಕಳಿ. ನಮ್ದು ಕಬ್ಬಿಣದ್ ಕಡ್ಡಿ, ಅವ್ರುದು ಬಿದ್ರು. ಬಾಕಿ ಸಬ್ ಏಕ್" ಎಂದ.

ಎರಡು ಬರ್ಗರ್, ಹತ್ತು ಕಡ್ಡಿ ಹೇಳಿದೆವು. ಬರ್ಗರ್ ಬಂದಾಗ ಅಭ್ಯಾಸ ಬಲದಿಂದ ಕಣ್ಣಲ್ಲೇ ಅಳೆದೆ. ಎತ್ತರ ನಾಲ್ಕೂವರೆ ಅಂಗುಲ. ನನ್ನ ಬಾಯಿ ದವಡೆ ನೋಯುವಷ್ಟು ತೆರೆದರೂ ಎರಡೂವರೆಗೆ ಮೇಲಿಲ್ಲ. ಉಳಿದ ಎರಡು ಅಂಗುಲದ ಇತ್ಯರ್ಥ ಹೇಗೆ ಎಂದು ಸುತ್ತ ನೋಡಿದೆ. ಪಕ್ಕದ ಮೇಜಿನವರು ಎರಡು ಕೈಯಲ್ಲಿ ಅಮುಕಿ ಬಾಯಿಗೆ ತುರುಕುತ್ತಿದ್ದರು. ನಾನೂ ಅಮುಕಿದೆ. ಮೂಗಿಗೆ ಸಾಸು, ಗಲ್ಲಕ್ಕೆ ಈರುಳ್ಳಿ, ಅಂಗಿಯ ಮೇಲೆ ಎಲೆಕೋಸು. ಆದರೆ ಬಾಯೊಳಗೆ ಹೋದದ್ದು ಸರಾಗವಾಗಿ ಇಳಿಯಿತು. ಆಮೇಲೆ ಕಡ್ಡಿಯ ಕೋಳಿ, ಸಿಹಿಯೂ ಉಪ್ಪೂ ಸೇರಿ ಹೊಗೆಯ ವಾಸನೆ ಹೊತ್ತದ್ದು, ಅದೂ ಇಳಿಯಿತು. ನನ್ನ ಕಣ್ಣಲ್ಲಿ ನೀರು ಕಂಡು ಸುಜಾತ, "ಖಾರಾನಾ?" ಎಂದಳು. "ಇಳೀತು ಕಣೆ" ಎಂದೆ. ಅವಳು ಆ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಐದನೆಯ ಕಡ್ಡಿ ಕೈಯಲ್ಲಿದ್ದಾಗ ಬೈಕೊಂದು ಜಲ್ಲಿಯ ಮೇಲೆ ಜಾರುತ್ತ ಬಂದು ನಿಂತಿತು. ಹೆಗಲ ಟವೆಲು ಬಾಯಿಗೆ ಒತ್ತಿಕೊಂಡು ಓಡಿಬಂದವನು ನನ್ನ ತಮ್ಮ ಕುಮಾರ. ಸುಜಾತಳ ಮುಂದೆ ನಿಂತು, "ಅತ್ಗೆ, ಅಣ್ಣನ್ನ ಎಲ್ಲಿ ಮಲಗ್ಸಿದ್ದೀರಿ?" ಎಂದ. ಅವಳು ಬೆರಳು ತೋರಿಸಿದಳು. ಬಾಯಿ ತುಂಬಿದ್ದರಿಂದ ನಾನು ಕಡ್ಡಿ ಎತ್ತಿ ತೋರಿಸಿದೆ.

ಕುಮಾರನ ವಿಷಯ ಹೇಳಬೇಕು. ಅವನಿರುವುದು ನಮ್ಮೂರು ಚಿನಕುರಳಿಯಲ್ಲಿ. ನಮ್ಮಿಬ್ಬರ ಹೊಲದ ನಡುವಿನ ಬದು, ಅದರ ಮೇಲಿನ ಒಂದು ತೆಂಗಿನಮರ ಯಾರದು ಎಂಬುದಕ್ಕೆ ಆರು ವರ್ಷ ಮಾತು ಬಿಟ್ಟಿದ್ದೆವು. ಊರವರ ಬದುವನ್ನೆಲ್ಲ ಇತ್ಯರ್ಥ ಮಾಡುವ ನಾನು ನನ್ನದನ್ನೂ ಅಳೆದು ನನ್ನ ಕಡೆಗೇ ತೀರ್ಪು ಕೊಟ್ಟುಕೊಂಡಿದ್ದೆ. "ಸರಪಳೀನೂ ನಿಂದೆ, ಕಣ್ಣೂ ನಿಂದೆ" ಎಂದು ಅವನು ಎದ್ದುಹೋಗಿದ್ದ. ಗಂಜಿ ಕುಡಿಯುತ್ತಿದ್ದ ಆ ಒಳ್ಳೆಯತನದ ದಿನಗಳಲ್ಲಿ, ಒಂದು ಭಾನುವಾರ ನಾನೇ ಹೋಗಿ, "ಬದು ನೀನೇ ಇಟ್ಕೊ, ಮರಾನೂ ನಿಂದೇ" ಎಂದು ಹೇಳಿ ಬಂದಿದ್ದೆ. ಅವನು ಸಂತೋಷಪಡಲಿಲ್ಲ, ಗಾಬರಿಯಾದ. ಸುಜಾತಳಿಗೆ ಫೋನು ಮಾಡಿ ವಿಷಯ ತಿಳಿದುಕೊಂಡಿದ್ದ. ಈಗ ಅವಳು ಕಾರಿನಿಂದ ಸುದ್ದಿ ಹೇಳಿದ್ದು ಅವನಿಗೇ.

"ಡಾಕ್ಟ್ರು ಇಲ್ಲ ಅಂದ್ರು, ಪಟ್ಣದತ್ರ ಇದ್ದೀವಿ ಅಂತ ಅಷ್ಟೇ ಕೇಳುಸ್ತು ಕಣಣ್ಣ. ಆಮ್ಯಾಕೆ ಕಟ್ಟಾಗೋಯ್ತು" ಎಂದು ಕುಮಾರ ಕುರ್ಚಿಯಲ್ಲಿ ಕುಸಿದ. "ಇಲ್ಲ ಅಂದ್ರೆ ನಾ ಏನ್ ತಿಳ್ಕಳ್ಳಿ? ನಿನ್ ಕಾರು ಇಲ್ ನಿಂತಿರದ್ ನೋಡಿ ಕೈಕಾಲೇ ಆಡ್ನಿಲ್ಲ."

"ಏನೂ ಇಲ್ಲ ಅಂದ್ರು ಅಂತ ಹೇಳಿದ್ದು ನಾನು" ಎಂದಳು ಸುಜಾತ.

"ಆ ಏನೂ ಒಂದ್ ಬರ್ನಿಲ್ಲ ಅತ್ಗೆ."

ನನ್ನ ತಟ್ಟೆಯನ್ನು ಅವನ ಕಡೆ ಸರಿಸಿದೆ. ಬೇಡ ಎನ್ನುತ್ತಲೇ ಒಂದು ಕಡ್ಡಿ ತೆಗೆದುಕೊಂಡ. ಆಮೇಲೆ ಇರ್ಫಾನ್ ಮೂರು ಸಲ ಕೆಂಡ ಕೆದಕಬೇಕಾಯಿತು. ಹನ್ನೊಂದು ಖಾಲಿ ಕಡ್ಡಿ ಮುಂದಿಟ್ಟುಕೊಂಡು ಕುಮಾರ, "ಜಪಾನ್ನೋರು ಪರವಾಗಿಲ್ಲ ಕಣಣ್ಣ, ಉಪ್ಪುಕಾರ ಒಸಿ ಕಮ್ಮಿ" ಎಂದು ತೀರ್ಪು ಕೊಟ್ಟ. ಸುಜಾತ ಮುಟ್ಟದೆ ಬಿಟ್ಟಿದ್ದ ಬರ್ಗರನ್ನು ಮಾತ್ರ ಬಿಚ್ಚಿ, ಬನ್ನು ಬೇರೆ, ಕೋಳಿ ಬೇರೆ, ಸೊಪ್ಪು ಬೇರೆ ಮಾಡಿ ಊಟದ ಕ್ರಮದಲ್ಲಿ ತಿಂದ. ಆರು ವರ್ಷದ ಮೇಲೆ ನಾವಿಬ್ಬರೂ ಒಂದೇ ಮೇಜಿಗೆ ಕೂತಿದ್ದೆವು.

ಹೊರಡುವಾಗ ಕಾರಿನ ಹತ್ತಿರ ನಿಂತು ನಾನು ಮನಸ್ಸಿನಲ್ಲೇ ಒಂದು ಮಾತು ಜೋಡಿಸುತ್ತಿದ್ದೆ. ಸಾಯುವವನು ಕೊಟ್ಟದ್ದು ಬೇರೆ, ಬದುಕಿ ಉಳಿದವನ ಲೆಕ್ಕ ಬೇರೆ, ಬದುವನ್ನು ಇನ್ನೊಂದು ಸಲ ಸಾವಧಾನವಾಗಿ ಅಳೆದು ನೋಡೋಣವೇ ಎಂದು. ಕುಮಾರ ಬೈಕು ಏರಿ, ಕಿಕ್ ಹೊಡೆಯದೆ ನನ್ನ ಮುಖ ನೋಡಿದ.

"ನಿಂಗೇನೂ ಆಗ್ನಿಲ್ವಲ್ಲ, ನಂಗಷ್ಟೇ ಸಾಕು ಕಣಣ್ಣ. ಮರ ಮಾತ್ರ ವಾಪಸ್ ಕೇಳ್ಬ್ಯಾಡ. ಎಳ್ನೀರ್ನೆಲ್ಲ ಮೊನ್ನೇನೇ ಇಳ್ಸ್‌ಬುಟ್ಟೆ."

"ಛೆ, ಅದೆಂಥ ಮಾತು. ಕೊಟ್ಟ ಮೇಲೆ ಮುಗೀತು" ಎಂದೆ.

ಅವನು ಹೊರಟುಹೋದ. ಕಾರು ಪಾಂಡವಪುರದ ದಾರಿ ಹಿಡಿಯಿತು. ಸುಜಾತ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು, "ಕೇಳಬೇಕು ಅಂತಲೇ ಇದ್ರಿ, ಅಲ್ವಾ?"

"ಸೀಟ್ ಬೆಲ್ಟ್ ಹಾಕ್ಕೋ" ಎಂದೆ.