ಅತ್ತೆ ಬಾಯಿಬಿಡದ ಪಾಸ್‌ವರ್ಡ್

ನನ್ನ ಸೋದರತ್ತೆಯಷ್ಟು ಭದ್ರವಾಗಿ ಪಾಸ್‌ವರ್ಡ್ ಕಾಪಾಡಿಕೊಂಡವರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕಂಪ್ಯೂಟರ್ ಕಳ್ಳರು ಬಂದರೂ ಸರಿ, ಪೊಲೀಸರು ಬಂದರೂ ಸರಿ, ಖುದ್ದು ಯಮಧರ್ಮರಾಯನೇ ಕೋಣದಿಂದಿಳಿದು ಕೈಮುಗಿದು ಕೇಳಿಕೊಂಡರೂ ಸರಿ, ಅದು ಅತ್ತೆಯ ಬಾಯಿಂದ ಹೊರಬೀಳುವಂತಿರಲಿಲ್ಲ. ಸಂಕಟ ಶುರುವಾದದ್ದೇ ಅಲ್ಲಿಂದ!

ಎರಡು ಸಾವಿರದ ಏಳೋ ಎಂಟೋ ಇಸವಿಯ ಮಾತು. ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದೆ. ಹೀಗಾಗಿ ಬಂಧುಬಳಗದಲ್ಲಿ ಯಾರ ಖಾತೆ ತೆರೆಯದಿದ್ದರೂ, ಯಾರ ಫೋಟೋ ಮೇಲೇರದಿದ್ದರೂ ವೈದ್ಯ ನಾನೇ. ನನ್ನ ಬಳಿಯಿದ್ದ ಮದ್ದು ಮೂರು: ಆರಿಸಿ ಹಾಕುವುದು, ಮತ್ತೊಮ್ಮೆ ಆರಿಸಿ ಹಾಕುವುದು, ಆಮೇಲೆ ಗಂಭೀರವಾಗಿ ‘ನೆಟ್ ಸ್ಲೋ ಇದೆ’ ಎನ್ನುವುದು. ಈ ಮೂರಕ್ಕೂ ಬಗ್ಗದ ಕಾಯಿಲೆಯನ್ನು ನಾನು ಕಂಡದ್ದು ಅತ್ತೆಯ ಖಾತೆಯಲ್ಲಿ ಮಾತ್ರ.

ಅತ್ತೆ ಗುಂಡ್ಲುಪೇಟೆಯವರು, ನಿವೃತ್ತ ಪ್ರೈಮರಿ ಸ್ಕೂಲ್ ಮೇಡಂ. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹಳೇ ಸೈಕಲ್ಲು ಮಾತ್ರ ಪಡಸಾಲೆಯಲ್ಲಿ ನಿಂತೇ ಇತ್ತು. ಗುಜರಿಯವನು ಅದರ ಕಡೆ ಕಣ್ಣು ಹಾಯಿಸಿದರೆ ಅತ್ತೆ ಪೊರಕೆಯ ಕಡೆ ಕೈ ಹಾಯಿಸುತ್ತಿದ್ದರು. ಇಂಥ ಅತ್ತೆ ಒಂದು ದಿನ ಫೋನ್ ಮಾಡಿ, “ಲೋ ಮಗಾ, ನಾನೂ ಇಂಟರ್‌ನೆಟ್ಟಿಗೆ ಸೇರ್ಕಬುಟ್ಟೆ ಕಣ್ಲಾ” ಎಂದಾಗ ರಿಸೀವರ್ ನನ್ನ ಕೈಯಿಂದ ಜಾರಿ ಸಾರಿನ ಪಾತ್ರೆಗೆ ಬಿತ್ತು.

ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದ ಹುಡುಗಿ ಅತ್ತೆಯ ಹಳೇ ಶಿಷ್ಯೆ. ಸ್ನೇಹಿತರನ್ನು ಹುಡುಕಿಕೊಡುವ ಜಾಲತಾಣವೊಂದರಲ್ಲಿ ಅವಳೇ ಖಾತೆ ತೆರೆದುಕೊಟ್ಟಳಂತೆ. ಹೆಸರು, ಊರು, ಹವ್ಯಾಸ ಎಲ್ಲ ತುಂಬಿದವಳು ಅವಳು. ಪಾಸ್‌ವರ್ಡ್ ಜಾಗಕ್ಕೆ ಬಂದಾಗ ಮಾತ್ರ ಅತ್ತೆ ಅವಳನ್ನು ಎಬ್ಬಿಸಿ ಆಚೆ ಕಳಿಸಿ, ಒಂದೇ ಬೆರಳಲ್ಲಿ ತಾವೇ ಕುಟ್ಟಿದರಂತೆ. ಅಲ್ಲಿಂದಾಚೆ ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ದೇವಸ್ಥಾನಕ್ಕೆ ಹೊರಟಂತೆ ಹೊರಟು, ಅರ್ಧ ಗಂಟೆ ಕಂಪ್ಯೂಟರಿನ ಮುಂದೆ ಕೂತು ಬರುತ್ತಿದ್ದರು. ಆ ಹುಡುಗಿಯೇ ಒಮ್ಮೆ ನನ್ನ ಬಳಿ ಗುಟ್ಟಾಗಿ ಹೇಳಿದಳು: “ಮೇಡಂ ಪಾಸ್‌ವರ್ಡ್ ಒತ್ತಿ ಒಳಿಕ್ ಓಯ್ತರೆ, ಈಚ್ಗೆ ಬತ್ತರೆ, ತಿರ್ಗ ಒಳಿಕ್ ಓಯ್ತರೆ. ಓದದಂತೂ ಏನೂ ಇಲ್ಲ ಅಣ್ಣ. ಕೇಳುದ್ರೆ ಬಯ್ತರೆ!” ವಯಸ್ಸಾದವರ ಹುಚ್ಚು ಎಂದುಕೊಂಡೆ. ನನ್ನ ವಯಸ್ಸಿನವರಿಗೆ ಅಷ್ಟೇ ಹೊಳೆಯುವುದು.

ಮೊದಲ ಆಘಾತ ನನಗಾದದ್ದು ಹರದನಹಳ್ಳಿಯಲ್ಲಿ. ಆ ಊರಿನ ಯಾರೋ ಮಹಾನುಭಾವರು ಅತ್ತೆಗೆ ಸ್ನೇಹದ ಕೋರಿಕೆ ಕಳಿಸಿಬಿಟ್ಟಿದ್ದರು. ಉಳಿದವರಾದರೆ ಒಪ್ಪುತ್ತಾರೆ, ಇಲ್ಲವೇ ಸುಮ್ಮನಿರುತ್ತಾರೆ. ಅತ್ತೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದು, ನನ್ನನ್ನು ಬೈಕಿನ ಸಮೇತ ಎಳೆದುಕೊಂಡು ಹರದನಹಳ್ಳಿಗೆ ಹೋಗಿ, ಆತನ ಮನೆ ಬಾಗಿಲು ತಟ್ಟಿದರು! ಬಾಗಿಲು ತೆಗೆದದ್ದು ಆತನ ಹೆಂಡತಿ.

“ನಿಮ್ಮೆಜಮಾನ್ರು ನನ್ನ ಸ್ನೇಹ ಬೇಕು ಅಂತ ಕೇಳವ್ರೆ ಕಣವ್ವ. ಯಾವೊಕ್ಲು, ಏನು ಅಂತ ಇಚಾರ್ಸ್ಕೊಂಡು ಓಗನ ಅಂತ ಬಂದೆ.”

ನಾನು ಬೈಕಿನ ಹಿಂದೆ ಅಡಗಿದೆ. ಆ ಮಹಾನುಭಾವರು ಹಿತ್ತಲ ಬಾಗಿಲಿಂದ ಬಾಳೆತೋಟದೊಳಗೆ ಅಂತರ್ಧಾನರಾದರು. ಅತ್ತೆಯ ನರೆತ ತಲೆ ನೋಡಿದ ಆ ಹೆಣ್ಣುಮಗಳು ನಕ್ಕು, ಕಾಫಿ ಕೊಟ್ಟು, ಮಡಿಲಿಗೆ ಒಂದು ಚಿಪ್ಪು ಬಾಳೆಹಣ್ಣು ಹಾಕಿ ಕಳಿಸಿದರು. ಅವರಿಬ್ಬರ ಸ್ನೇಹ ಗಟ್ಟಿಯಾಯಿತು. ಆತನ ಕೋರಿಕೆ ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ.

ಆದರೆ ಅದೇ ಜಾಲತಾಣ ಅತ್ತೆಗೆ ಒಂದು ಉಪಕಾರವನ್ನೂ ಮಾಡಿತು. ನಲವತ್ತೈದು ವರ್ಷದ ಹಿಂದೆ ಗುಂಡ್ಲುಪೇಟೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ, ಬಸ್ ಸ್ಟ್ಯಾಂಡಿನ ಮಲಯಾಳಿ ಟೀ ಅಂಗಡಿಯವರ ಮಗಳು, ಅಲ್ಲಿ ಸಿಕ್ಕಿಬಿಟ್ಟರು! ಅವರೀಗ ಗಡಿಯಾಚೆಯ ಬತ್ತೇರಿಯಲ್ಲಿದ್ದರು. ಇಬ್ಬರೂ ಫೋನ್ ನಂಬರ್ ಕೊಟ್ಟುಕೊಳ್ಳಲಿಲ್ಲ, ವಿಳಾಸ ಬರೆದುಕೊಳ್ಳಲಿಲ್ಲ. ಬರೀ ಯಾವ ಮೇಷ್ಟ್ರು ಯಾರಿಗೆ ಹೊಡೆದರು ಎಂಬುದನ್ನೇ ಬರೆದುಕೊಂಡರು. ಕೊನೆಗೊಂದು ಶುಕ್ರವಾರ ಗೆಳತಿ ಬರೆದರು: “ಮುಂದಿನ ವಾರ ಮೈಸೂರಿಗೆ ಹೋಗುವವಳಿದ್ದೇನೆ. ಗುಂಡ್ಲುಪೇಟೆಯಲ್ಲಿ ಇಳಿಯುತ್ತೇನೆ. ಯಾವ ದಿನ ಅಂತ ನಾಳೆ ಬರೆಯುತ್ತೇನೆ.”

ಆ ‘ನಾಳೆ’ ಅತ್ತೆಗೆ ಚಾಮರಾಜನಗರದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು! ಒಂದು ಕಣ್ಣಿಗೆ ಹಸಿರು ಬಟ್ಟೆ. ಸರದಿ ಕಾಯುತ್ತಿದ್ದ ಇನ್ನೊಂದು ಕಣ್ಣಿಗೆ ಬಸ್ಸಿಗೂ ಎಮ್ಮೆಗೂ ಇರುವ ವ್ಯತ್ಯಾಸ ತಿಳಿಯುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: ಬಗ್ಗಬಾರದು, ಕಂಪ್ಯೂಟರ್ ನೋಡಬಾರದು, ಕಣ್ಣಿಗೆ ನೀರು ತಾಕಬಾರದು.

“ನೀನೇ ನೋಡ್ಕೊಡ್ಲಾ. ಅವ್ಳು ಯಾವತ್ತ್ ಬತ್ತಳೆ ಅನ್ನದೊಂದ್ ಗೊತ್ತಾಗ್ಬುಡ್ಲಿ” ಎಂದರು ಅತ್ತೆ. ನಮ್ಮ ಬೀದಿಯ ಸೈಬರ್ ಕೆಫೆಗೆ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದೆ.

“ಪಾಸ್‌ವರ್ಡ್ ಏನತ್ತೆ?”

“ಏಳಂಗಿಲ್ಲ.”

“ನನ್ ಹತ್ರಾನೂ?”

“ಯಾರ್ ತಾವೂ ಏಳಂಗಿಲ್ಲ ಕಣ್ಲಾ. ಬಾಯಲ್ಲಿ ಅನ್ನೋ ಅಂಥದ್ದಲ್ಲ ಅದು.”

ದಂಗಾದೆ! ಸೇವೆಗೆ ಸೇರಿದಂದಿನಿಂದ ನಿವೃತ್ತಿಯವರೆಗೆ ಮಕ್ಕಳಿಗೆ ಸುಳ್ಳು ಹೇಳಬೇಡಿ, ಕೆಟ್ಟ ಮಾತಾಡಬೇಡಿ ಎಂದು ಕಿವಿ ಹಿಂಡಿದ ಮಹಾತಾಯಿ, ಬಾಯಲ್ಲಿ ಅನ್ನಲಾಗದ ಯಾವ ಮಾತನ್ನು ಒಳಗೆ ಹಾಕಿಟ್ಟಿದ್ದಾರೆ? ಕೆಫೆಯ ಮಾಲೀಕರು ಕುರ್ಚಿಯನ್ನು ಮೆಲ್ಲಗೆ ನಮ್ಮ ಕಡೆ ತಿರುಗಿಸಿದರು.

ಆಗ ತಲೆಯಲ್ಲಿ ದೀಪ ಹತ್ತಿತು. ಗಂಡನ ಹೆಸರು! ನಮ್ಮ ಕಡೆ ಹಳೇ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ? ಪಡಿತರ ಚೀಟಿಯ ಸಾಹೇಬರು ಯಜಮಾನರ ಹೆಸರು ಕೇಳಿದಾಗ, ಪಕ್ಕದಲ್ಲಿದ್ದ ನನ್ನನ್ನು ಚಿವುಟಿ ನನ್ನ ಬಾಯಿಂದ ಹೇಳಿಸಿದವರು ಇದೇ ಅತ್ತೆ. ಮಾವ ಹೋದ ಮೇಲೂ ಆ ವ್ರತ ಬಿಟ್ಟಿರಲಿಲ್ಲ. ಗೆದ್ದೆನೆಂದು ಮಾವನ ಹೆಸರನ್ನು ಟೈಪ್ ಮಾಡಿದೆ. ಬಾಗಿಲು ತೆರೆಯಲಿಲ್ಲ. ಇನಿಷಿಯಲ್ ಸೇರಿಸಿದೆ. ತೆರೆಯಲಿಲ್ಲ.

“ಅವ್ರ್ ಎಸ್ರ ಒತ್ತುದ್ಯಾ?” ಎಂದರು ಅತ್ತೆ.

“ಹೂಂ.”

“ಅದಲ್ಲ ಕಣ್ಲಾ. ಅವ್ರುದೇ, ಆದ್ರೆ ಅದಲ್ಲ. ಅವ್ರ್ಗೆ ಇನ್ನೊಂದ್ ಎಸ್ರಿತ್ತು.”

ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂತಿದ್ದ ನಮ್ಮ ಮಾವನಿಗೆ ಎರಡನೇ ಹೆಸರು! ಇದೇನು ಭೂಗತ ಜಗತ್ತೇ?

“ಯಾರಿಟ್ಟಿದ್ದು ಅದನ್ನ?”

“ಅವ್ಳೇ. ಬತ್ತೇರಿಯವ್ಳು.”

“ಅಡ್ಡಹೆಸರು ತಾನೆ ಅತ್ತೆ? ಹೇಳಿದರೇನಂತೆ?”

“ಅಡ್ಡ ಆದ್ರೂ ಅವ್ರುದೇ ಎಸ್ರಲ್ವೇನ್ಲಾ, ಮಂಕೆ?”

ಪರಿಸ್ಥಿತಿಯ ಘನಗಾಂಭೀರ್ಯವನ್ನು ಓದುಗರು ದಯವಿಟ್ಟು ಗಮನಿಸಬೇಕು. ಗೆಳತಿಯ ಪತ್ರ ಬೀಗದೊಳಗಿದೆ. ಬೀಗದ ಕೈ ಬಾಯಿಬಿಟ್ಟು ಹೇಳಬಲ್ಲವರು ಇಡೀ ಪ್ರಪಂಚದಲ್ಲಿ ಆ ಗೆಳತಿಯೊಬ್ಬರೇ!

ಕೊನೆಗೆ ಅತ್ತೆ, “ಆ ಕಡಿಕ್ ತಿರುಕ್ಕೊ, ನಾನೇ ಒತ್ತೀನಿ” ಎಂದರು. ನಾನೂ ಮಾಲೀಕರೂ ಗೋಡೆಗೆ ಮುಖ ಮಾಡಿ ನಿಂತೆವು. ಬಗ್ಗುವಂತಿಲ್ಲ, ಕಾಣುವುದಿಲ್ಲ; ಅತ್ತೆ ನೆಟ್ಟಗೆ ಕೂತು, ಕತ್ತಲಲ್ಲಿ ರಾಗಿ ಡಬ್ಬಿ ಹುಡುಕಿದಂತೆ ತಡವರಿಸಿ ಮೂರು ಸಲ ಕುಟ್ಟಿದರು. ಮೂರನೆಯ ಸಲಕ್ಕೆ ಖಾತೆ ಭದ್ರವಾಗಿ ಮುಚ್ಚಿಕೊಂಡಿತು. ಹೊಸ ಪಾಸ್‌ವರ್ಡ್ ಬೇಕಾದರೆ ಇನ್ನೊಂದು ಇಮೇಲಿಗೆ ಕಳಿಸುತ್ತೇವೆಂದಿತು ಪರದೆ. ಆ ಇಮೇಲೋ, ಖಾತೆ ತೆರೆದುಕೊಟ್ಟ ಶಿಷ್ಯೆಯದು. ಅವಳು ಮದುವೆಯಾಗಿ ಉಮ್ಮತ್ತೂರು ಸೇರಿದ್ದಳು. ಹೇಗೋ ನಂಬರ್ ಹುಡುಕಿ ಫೋನ್ ಮಾಡಿದರೆ, “ಅಯ್ಯೋ ಅಣ್ಣ, ಆ ಇಮೇಲಿನ ಪಾಸ್‌ವರ್ಡೇ ಮರ್ತೋಗದೆ” ಎಂದಳು.

“ಸ್ಲೇಟೇ ಮರ್ತ್ ಬತ್ತಿದ್ದೋಳು ಅವ್ಳು” ಎಂದರು ಅತ್ತೆ.

ನನ್ನ ಮೂರೂ ಮದ್ದು ಮುಗಿದಿದ್ದವು. ಅತ್ತೆ ತಮ್ಮ ಮದ್ದು ಹೊರತೆಗೆದರು. ಮರುದಿನವೇ ಹಟ ಹಿಡಿದು ಗುಂಡ್ಲುಪೇಟೆಗೆ ಹೊರಟರು. ಕಪ್ಪು ಕನ್ನಡಕ ಏರಿಸಿ ಬಸ್ ಸ್ಟ್ಯಾಂಡಿನಲ್ಲಿ ಕೂತರು. ಬತ್ತೇರಿಯಿಂದ ಮದ್ದೂರಿನ ಕಾಡು ದಾಟಿ ಬರುವ ಒಂದೊಂದು ಬಸ್ಸನ್ನೂ ವಿಚಾರಿಸುವುದು! ಕೊಡೆ ಹಿಡಿಯಲು ನಾನು, ರಜೆ ಹಾಕಿ.

ಮುಖದ ಗುರುತಾದರೂ ಇತ್ತೇ? ಆ ಗೆಳತಿ ತಮ್ಮ ಫೋಟೋ ಜಾಗಕ್ಕೆ ದಾಸವಾಳದ ಹೂವು ಹಾಕಿದ್ದರು. ನಮ್ಮ ಅತ್ತೆ ಸ್ಕೂಲ್ ಬಿಲ್ಡಿಂಗ್ ಹಾಕಿದ್ದರು.

“ಅಜ್ಜಿ, ಗುರ್ತೇನು ಏಳಿ?” ಎಂದ ಒಬ್ಬ ಕಂಡಕ್ಟರ್.

“ನಗ್ತಾ ಇಳೀತಳೆ ಕಣಪ್ಪ.”

“ನಮ್ ಬಸ್ಸಿಂದ ಯಾರೂ ನಗ್ತಾ ಇಳ್ಯಲ್ಲ ಬುಡಿ” ಎಂದು ಅವನು ಸೀಟಿ ಊದಿದ.

ಮೂರು ದಿನ ಹೀಗೇ ಹೋಯಿತು. ಮೂರನೆಯ ಸಂಜೆ ಅತ್ತೆ ಮೆತ್ತಗೆ ಕೇಳಿದರು: “ಬಂದು, ನನ್ನ ಕಾಣ್ದೆ ಓಗ್ಬುಟ್ಳೇನ್ಲಾ?” ಅಂಥ ದನಿಯನ್ನು ನಾನು ಅತ್ತೆಯಲ್ಲಿ ಕೇಳಿರಲಿಲ್ಲ. ನೆಟ್ ಸ್ಲೋ ಇದೆ ಎಂದೂ ಹೇಳುವಂತಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಕೆಂಪು ಬಸ್ಸು ನಿಂತಿತು. ದಪ್ಪನೆಯ ಹೆಂಗಸೊಬ್ಬರು ಇಳಿದು, ಸೊಂಟಕ್ಕೆ ಕೈಯಿಟ್ಟು ಸುತ್ತ ನೋಡಿ, ಯಾರ ಗುರುತೂ ಹತ್ತದೆ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಮಲಯಾಳ ಬೆರೆಸಿ ಕೂಗಿದರು:

“ಎಡೀ! ಡೈನಮೋ ಹೆಂಡ್ತಿ ಎಲ್ಲಿದ್ದೀಯೇ?”

ಕೊಡೆ ನನ್ನ ಕೈಯಿಂದ ಬಿತ್ತು! ಮೂರೇ ಏಟಿಗೆ ಖಾತೆ ಮುಚ್ಚಿಸಿದ ಆ ಪರಮ ರಹಸ್ಯ ಕಡಲೆಕಾಯಿ ಮಾರುವವರಿಗೂ ಆಟೋದವರಿಗೂ ಒಟ್ಟಿಗೇ ಹಂಚಿಹೋಗಿತ್ತು. ಅತ್ತೆ ಎದ್ದು ನಿಂತರು. ಗೆಳತಿ ಬಂದು ತಬ್ಬಿಕೊಂಡು, ನನ್ನನ್ನು ಸಾಕ್ಷಿಗೆ ಕರೆದಂತೆ, ತಮ್ಮ ಭಾಷೆಯಲ್ಲಿ ಮಗನೇ ಎನ್ನುತ್ತ ಹೇಳಿದರು: “ಸ್ಕೂಲ್ ಬಿಡೋ ಟೈಮಿಗೆ ಇವಳ ಯಜಮಾನ್ರು ದಿನಾ ಬರೋದು ಮೋನೇ, ಹಾಡುಹಗಲಲ್ಲಿ ಸೈಕಲ್ ಲೈಟ್ ಹಾಕ್ಕೊಂಡು! ಇವಳನ್ನ ನೋಡ್ತಾ ಗಾಲಿಯಿಂದ ಡೈನಮೋ ಎತ್ತೋದೇ ಮರ್ತುಹೋಗ್ತಿತ್ತು. ನಾನೇ ಇಟ್ಟಿದ್ದು ಹೆಸರು.” ಆಮೇಲೆ ಆಚೀಚೆ ನೋಡಿ, “ಎಲ್ಲೇ ಅವರು? ಕರ್ಕೊಂಡು ಬರಲಿಲ್ವಾ?”

ಪಡಸಾಲೆಯ ಸೈಕಲ್ಲು ನನ್ನ ಕಣ್ಣಮುಂದೆ ಬಂತು.

“ಓಗ್ಬುಟ್ರು ಕಣೆ” ಎಂದರು ಅತ್ತೆ. “ಎರಡೊರ್ಸ ಆಯ್ತು. ಅದ ನಿಂಗೆ ಬರ್ಯಕ್ಕೆ ಕೈ ಬರ್ನಿಲ್ಲ.”

ಗೆಳತಿ ಬಾಯಿಗೆ ಸೆರಗು ಒತ್ತಿಕೊಂಡರು. ಅತ್ತೆ ಅವರ ಕೈ ಹಿಡಿದು ಸೆರಗನ್ನು ಮೆಲ್ಲಗೆ ಸರಿಸಿದರು.

“ಅವ್ರ್ ಓದ್ಮೇಲೆ ಆ ಎಸ್ರ ಯಾರ್ ಬಾಯಲ್ಲೂ ಕೇಳಿಲ್ಲ ಕಣೆ. ವಾರವಾರ ಓಗಿ ಒತ್ತಿ ಬತ್ತಿದ್ದೆ. ಕಂಪ್ಯೂಟ್ರಲ್ಲಿ ಬರೀ ಚುಕ್ಕಿ ಕಾಣ್ತದೆ.” ಹಿಡಿದ ಕೈ ಬಿಡದೆ, “ಇನ್ನೊಂದ್ಸಲ ಕೂಗೆ” ಎಂದರು.

ಗೆಳತಿ ಕೂಗಿದರು. ಈ ಸಲ ಅಷ್ಟು ಜೋರಾಗಿ ಅಲ್ಲ.

“ಇನ್ನೊಂದ್ಸಲ.”

ಅತ್ತೆಯ ಕಪ್ಪು ಕನ್ನಡಕದ ಕೆಳಗಿಂದ ಒಂದು ಗೆರೆ ಕೆನ್ನೆಗೆ ಇಳಿಯುತ್ತಿತ್ತು. ಕಣ್ಣಿಗೆ ನೀರು ತಾಕಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ನೆನಪಿಸಲಿಲ್ಲ.